ಲ್ಯಾಪ್‌ಟಾಪ್ ಮಾತಾಡದ ಭಾನುವಾರ

ಯಶವಂತಪುರದಾಚೆಯ ಸಿಂಗಾಪುರದ ಕೆರೆಯ ಹಿಂದಿನ ಓಣಿಯಲ್ಲಿ, ತಾತನ ಕಾಲದ ಜಾಗದಲ್ಲೇ ಕಟ್ಟಿದ ಎರಡಂತಸ್ತಿನ ಮನೆಯಲ್ಲಿ ಧನಲಕ್ಷ್ಮಿ ತಾಯಿಯ ಜೊತೆ ಇದ್ದಾಳೆ. ವಯಸ್ಸು ಮೂವತ್ತೊಂಬತ್ತು. ಹದಿನೆಂಟು ತುಂಬುವಷ್ಟರಲ್ಲಿ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಒಂದು ಸಂಶೋಧನಾ ಸಂಸ್ಥೆಯವರು ಹಳ್ಳಿಗಳಲ್ಲಿ ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಅದನ್ನು ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಅವಳ ಲ್ಯಾಪ್‌ಟಾಪ್‌ನಲ್ಲಿದೆ. ಅದರ ಕನ್ನಡ ಒಬ್ಬ ಗಂಡಸು ಮೂಗಿನಲ್ಲಿ ಮಾತಾಡಿದ ಹಾಗೆ. ಬೇರೆಯವರಿಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಅವಳು ಅದನ್ನು ಓದಿಸಿಕೊಳ್ಳುತ್ತಾಳೆ.

ಆ ದನಿಯೇ ಒಂದು ದಿನ, ಈ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು ಓದಿತು. ಧನಲಕ್ಷ್ಮಿ ಎಸ್ಕೇಪ್ ಒತ್ತಿದಳು. ಮರುದಿನ ಮತ್ತೆ ಓದಿತು, ಮತ್ತೆ ಒತ್ತಿದಳು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಸಂಸ್ಥೆಯ ತೇಜಸ್ವಿನಿ ಫೋನ್ ಮಾಡಿ, ಈ ತಿಂಗಳು ಮುಗಿದ ಮೇಲೆ ಹಳೆಯ ಸಿಸ್ಟಮ್ ಇರುವ ಯಂತ್ರಗಳನ್ನು ನಮ್ಮ ಸರ್ವರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ತಿಳಿಸಿದಳು. ಮೆತ್ತಗೆ ಹೇಳಿದರೂ ದಿನಾಂಕ ದಿನಾಂಕವೇ. ಉಳಿದಿದ್ದು ಮೂರು ವಾರ.

ಧನಲಕ್ಷ್ಮಿಯ ಹೆದರಿಕೆಗೆ ಕಾರಣವಿತ್ತು. ಆರು ವರ್ಷದ ಹಿಂದೆ ಇಂಥದ್ದೇ ಒಂದು ಅಪ್‌ಡೇಟ್ ನಡುವೆ ಅವಳ ಹಳೆಯ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಮೂಕಾಗಿತ್ತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೆಟ್ಟಿದೆಯೋ, ಕೆಲಸ ಮಾಡುತ್ತಿದೆಯೋ, ಅವಳು ಒಂದು ಗುಂಡಿ ಒತ್ತಲಿ ಎಂದು ಕಾಯುತ್ತಿದೆಯೋ ಗೊತ್ತಾಗಲಿಲ್ಲ. ಅರ್ಧ ಗಂಟೆ ಕಾದು, ತಾಳಲಾರದೆ ಸ್ವಿಚ್ ಆರಿಸಿಬಿಟ್ಟಿದ್ದಳು. ಆಮೇಲೆ ಅದು ಏಳಲೇ ಇಲ್ಲ. ಅದರೊಳಗಿದ್ದ ನಲವತ್ತು ಗಂಟೆಯ ಟೈಪಿಂಗ್ ಹೋಯಿತು.

ಯಶವಂತಪುರದ ಲಾಲ್ ಸಾಬ್ ಅವಳಿಗೆ ಕಂಪ್ಯೂಟರ್ ಕಲಿಸಿದ ಗುರು. ಅವರಿಗೂ ಕಣ್ಣಿಲ್ಲ, ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ಕೇಳಿದಳು. ಕೆಲಸದ ಕಡತಗಳನ್ನೆಲ್ಲ ಪೆನ್ ಡ್ರೈವ್‌ಗೆ ಹಾಕಿಕೊಂಡು ಧೈರ್ಯವಾಗಿ ಮಾಡು ಎಂದರು. ಎಲ್ಲ ಹೇಳಿ ಮುಗಿಸಿದ ಮೇಲೆ ತಡೆದು, "ಒಂದ್ ಮಾತು ಧನಮ್ಮ. ಮಧ್ಯೆ ಒಂದು ಗಂಟೆ, ಒಂದೂವರೆ ಗಂಟೆ ಅದು ಮಾತಾಡಲ್ಲ. ಏನೇ ಆದ್ರೂ ಸ್ವಿಚ್ ಮುಟ್ಬೇಡ. ಪರದೆ ಮೇಲೆ ಎಷ್ಟು ಪರ್ಸೆಂಟ್ ಆಯ್ತು ಅಂತ ಬರ್ತಾ ಇರ್ತದೆ, ನೋಡಿ ಹೇಳೋರು ಪಕ್ಕದಲ್ಲಿರ್ಲಿ" ಎಂದರು.

ನೋಡಿ ಹೇಳುವವರು ಯಾರು? ಮಹಡಿಯ ಮೇಲೆ ಬಾಡಿಗೆಗಿದ್ದ ಸಬಾ ಹೆಬ್ಬಾಳದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಯಾವ ಹೊತ್ತಿನಲ್ಲಿ ಮನೆಯಲ್ಲಿರುತ್ತಾಳೆಂದು ಹೇಳಲಾಗದು. ಉಳಿದವಳು ತಾಯಿ ನಾರಾಯಣಮ್ಮ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮೂವತ್ತು ವರ್ಷ ಯಶವಂತಪುರದ ಮಾರ್ಕೆಟ್ಟಿಗೆ ಸೊಪ್ಪು ಹೊತ್ತವಳು, ಬಸ್ಸಿನ ನಂಬರು ನೋಡಿ ನೋಡಿ ಅಂಕಿಗಳನ್ನು ಚೆನ್ನಾಗಿ ಕಲಿತಿದ್ದಳು.

ಎರಡು ಭಾನುವಾರ ಧನಲಕ್ಷ್ಮಿ ಏನೋ ಒಂದು ನೆಪ ಹುಡುಕಿ ಮುಂದೂಡಿದಳು. ಒಮ್ಮೆ ಮೋಡ ಕವಿದಿದೆ, ಕರೆಂಟು ಹೋಗಬಹುದು ಎಂದಳು. ಅದು ಪೂರ್ತಿ ನೆಪವೂ ಅಲ್ಲ. ಲ್ಯಾಪ್‌ಟಾಪ್‌ನ ಬ್ಯಾಟರಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಇನ್ನೊಮ್ಮೆ ಅರ್ಧಕ್ಕೆ ಬಂದಿದ್ದ ರೆಕಾರ್ಡಿಂಗ್ ಮುಗಿಯಲಿ ಎಂದಳು. ರಾತ್ರಿ ಮಲಗಿದರೆ ಸರ್ವರ್, ಸೆಟಪ್, ರೀಸ್ಟಾರ್ಟ್ ಎನ್ನುವ ಮೂರು ಮಾತು ತಲೆಯಲ್ಲಿ ಸುತ್ತುತ್ತಿದ್ದವು. ಈ ಕೆಲಸ ಹೋದರೆ ಮತ್ತೊಬ್ಬರ ಬಾಗಿಲಿಗೆ ಹೋಗಿ, ನನಗೆ ಟೈಪ್ ಮಾಡಲು ಬರುತ್ತದೆ ಎಂದು ಮೊದಲಿನಿಂದ ನಂಬಿಸಬೇಕು. ಆ ನಂಬಿಸುವ ಕೆಲಸ ಅವಳಿಗೆ ಸಾಕಾಗಿತ್ತು.

ಮೂರನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ವಿದ್ಯುತ್ ಕಚೇರಿಗೆ ಫೋನ್ ಮಾಡಿ ಇವತ್ತು ಕರೆಂಟು ತೆಗೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಶುರು ಮಾಡಿದಳು. ಮೊದಲ ಎರಡು ಗಂಟೆ ಮೂಗಿನ ದನಿ ಎಲ್ಲವನ್ನೂ ಓದುತ್ತಾ ಬಂತು. ಹತ್ತೂ ಕಾಲಿಗೆ, ರೀಸ್ಟಾರ್ಟ್ ಆಗುತ್ತಿದೆ ಎಂದು ಹೇಳಿ ನಿಂತಿತು. ಫ್ಯಾನು ಮಾತ್ರ ತಿರುಗುತ್ತಿತ್ತು.

ನಾರಾಯಣಮ್ಮ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಹನ್ನೆರಡು, ಇಪ್ಪತ್ತು, ಮೂವತ್ನಾಲ್ಕು ಎಂದು ಆಗಾಗ ಹೇಳುತ್ತಿದ್ದಳು. ಅರವತ್ತೊಂದು ಬಂದಾಗ ಹನ್ನೊಂದು ಗಂಟೆ. ಸ್ವಲ್ಪ ಹೊತ್ತಿನ ಮೇಲೆ ಧನಲಕ್ಷ್ಮಿ ಕೇಳಿದಾಗಲೂ ಅರವತ್ತೊಂದು. ಇನ್ನೂ ಸ್ವಲ್ಪ ಹೊತ್ತಿನ ಮೇಲೆಯೂ ಅದೇ. ಅವಳ ಕೈ ತಾನಾಗಿಯೇ ಲ್ಯಾಪ್‌ಟಾಪಿನ ಸ್ವಿಚ್ಚಿನ ಕಡೆ ಹೋಗಿ ಹೋಗಿ ವಾಪಸು ಬರುತ್ತಿತ್ತು.

"ಈಗೆಷ್ಟು?"

"ಅರವತ್ತೆರಡು ಆಯ್ತು" ಎಂದಳು ತಾಯಿ.

ಅಲ್ಲಿಂದ ಮುಂದೆ ಅಂಕಿ ನಿಲ್ಲಲಿಲ್ಲ. ಅರವತ್ತೈದು, ಎಪ್ಪತ್ತು, ಎಪ್ಪತ್ನಾಲ್ಕು. ಧನಲಕ್ಷ್ಮಿಯ ಉಸಿರು ಹಗುರಾಯಿತು. ಬೆಳಿಗ್ಗೆಯಿಂದ ಮುಟ್ಟದ ಉಪ್ಪಿಟ್ಟನ್ನು ತರಿಸಿಕೊಂಡು ತಿಂದಳು. ಎಂಬತ್ತೊಂದು ಎಂದು ತಾಯಿ ಹೇಳುತ್ತಿದ್ದ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಸಬಾ ಮೆಟ್ಟಿಲು ಹತ್ತುವ ಮೊದಲು ಬಾಗಿಲಲ್ಲಿ ಇಣುಕಿದಳು.

"ಅಪ್‌ಡೇಟಾ ಅಕ್ಕ? ಇನ್ನೂ ಅರವತ್ತೊಂದಾ? ನಂದೂ ಅಲ್ಲೇ ನಿಂತುಬಿಟ್ಟಿತ್ತು, ಆಮೇಲೆ ಹೋಗ್ತದೆ" ಎಂದಳು.

ಧನಲಕ್ಷ್ಮಿ ತಟ್ಟೆಯನ್ನು ಕೆಳಗಿಟ್ಟು, ಇನ್ನೊಮ್ಮೆ ಓದಲು ಸಬಾಗೆ ಹೇಳಿದಳು. ಅರವತ್ತೊಂದು ಎಂದಳು ಸಬಾ, ಈಗ ಸಣ್ಣ ದನಿಯಲ್ಲಿ.

"ಯಾಕಮ್ಮ?" ಎಂದು ಧನಲಕ್ಷ್ಮಿ ಕೇಳಿದಳು.

"ನಿಂತೈತೆ ಅಂದಿದ್ರೆ ನೀನು ಸ್ವಿಚ್ ಆರಿಸ್ತಿದ್ದೆ ಕಣೇ. ಆ ಸಾಬ್ರು ಮುಟ್ಬೇಡ ಅಂದವ್ರೆ ಅಂತ ನೀನೇ ಏಳಿದ್ದೆ. ಕೈ ಎಂಗೆ ಸ್ವಿಚ್ ಕಡೆ ಓಗ್ತಿತ್ತು ಅಂತ ನಂಗೆ ಕಾಣ್ತಿತ್ತು."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಖಂಡಿತ ಆರಿಸುತ್ತಿದ್ದಳು. ಆದರೂ ಲ್ಯಾಪ್‌ಟಾಪ್ ಮೂಕಾದಾಗ ಆದದ್ದಕ್ಕಿಂತ ದೊಡ್ಡ ದಿಗಿಲು ಅವಳನ್ನು ಹಿಡಿಯಿತು. ಔಷಧಿಯ ಚೀಟಿ, ಕರೆಂಟ್ ಬಿಲ್ಲು, ಬಾಗಿಲಿಗೆ ಬಂದವರ ಮುಖದ ಮೇಲಿನ ಭಾವ, ಎಲ್ಲವನ್ನೂ ಇಪ್ಪತ್ತು ವರ್ಷದಿಂದ ಈ ಬಾಯಿಂದಲೇ ಕೇಳಿದ್ದಳು. ಅದರಲ್ಲಿ ಎಷ್ಟು ಸಲ ಅರವತ್ತೊಂದು ಎಂಬತ್ತೊಂದಾಗಿತ್ತೋ.

ಸಬಾ ಮಹಡಿಗೆ ಹೋಗದೆ ಅಲ್ಲೇ ಕೂತಳು. ಹನ್ನೆರಡೂ ಮುಕ್ಕಾಲಿಗೆ ನಾರಾಯಣಮ್ಮ, ಅರವತ್ನಾಲ್ಕು ಎಂದಳು. ಧನಲಕ್ಷ್ಮಿ ಸಬಾಳ ಕಡೆ ಮುಖ ತಿರುಗಿಸಿದಳು. ಹೌದಕ್ಕ, ಅರವತ್ನಾಲ್ಕು ಎಂದಳು ಸಬಾ. ಮುಂದಿನ ಪ್ರತಿ ಅಂಕಿಗೂ ಹೀಗೆಯೇ ಆಯಿತು. ತಾಯಿ ಹೇಳುವುದು, ಮಗಳು ಇನ್ನೊಬ್ಬಳ ಸಾಕ್ಷಿಗೆ ಕಾಯುವುದು. ತೊಂಬತ್ತು ದಾಟಿದ ಮೇಲೆ ನಾರಾಯಣಮ್ಮ ಹೇಳುವುದನ್ನು ನಿಲ್ಲಿಸಿ, ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಎರಡು ಗಂಟೆಗೆ ಲ್ಯಾಪ್‌ಟಾಪ್ ಎದ್ದಿತು, ಆದರೆ ಕನ್ನಡದಲ್ಲಲ್ಲ. ಹೊಸ ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿತು. ಮೂಗಿನ ದನಿ ಹೊಸ ಸಿಸ್ಟಮ್‌ಗೆ ಹೊಂದದೆ ಉದುರಿಹೋಗಿತ್ತು. ಧನಲಕ್ಷ್ಮಿ ಮತ್ತೆ ಗುರುವಿಗೆ ಫೋನ್ ಮಾಡಿದಳು. ಲಾಲ್ ಸಾಬ್ ಫೋನಿನಲ್ಲಿ ಒಂದೊಂದೇ ಕೀಲಿ ಹೇಳುತ್ತಾ ಹೋದರು. ಸಂಜೆ ನಾಲ್ಕರ ಹೊತ್ತಿಗೆ ಬೇರೊಂದು ಕನ್ನಡ ದನಿ ಬಂದು ಕೂತಿತು. ಅದು ಳಕಾರವನ್ನೆಲ್ಲ ಲಕಾರ ಮಾಡುತ್ತಿತ್ತು. ಪೆನ್ ಡ್ರೈವಿನ ಕಡತಗಳನ್ನು ಒಂದೊಂದಾಗಿ ತೆರೆದು ಕೇಳಿದಳು. ಎಲ್ಲವೂ ಇದ್ದವು. ತೇಜಸ್ವಿನಿಗೆ ಮೆಸೇಜು ಕಳಿಸಿದಳು, ಸರ್ವರ್ ಒಳಗೆ ಬಿಟ್ಟುಕೊಂಡಿತು.

ಸಂಜೆ ತಾಯಿ ಕಾಫಿ ತಂದಿಟ್ಟು ಹೊರಡುವಾಗ ಧನಲಕ್ಷ್ಮಿ ಸೆರಗು ಹಿಡಿದು ಕೂರಿಸಿದಳು. ಅವಳ ಹದಿನಾರನೆಯ ವಯಸ್ಸಿನಲ್ಲಿ, ನೋಟ ಮಸುಕಾಗತೊಡಗಿದಾಗ, ಕಣ್ಣಿನ ಡಾಕ್ಟರು ತಾಯಿಯನ್ನು ಮಾತ್ರ ಒಳಗೆ ಕರೆದಿದ್ದರು. ಹೊರಗೆ ಬಂದ ತಾಯಿ, ಸರಿಹೋಗುತ್ತಂತೆ, ಡ್ರಾಪ್ಸು ಹಾಕಬೇಕಂತೆ ಎಂದಿದ್ದಳು.

"ಅವತ್ತು ಡಾಕ್ಟ್ರು ಏನಂದ್ರು, ಇದ್ದ ಹಾಗೆ ಹೇಳಮ್ಮ."

ನಾರಾಯಣಮ್ಮ ಸೆರಗನ್ನು ಬಿಡಿಸಿಕೊಳ್ಳಲಿಲ್ಲ. "ಎರಡು ವರ್ಸ ಅಂದ್ರು. ಆಮೇಲೆ ಏನೂ ಕಾಣಕಿಲ್ಲ ಅಂದ್ರು. ಅದಕ್ಕೇ ನಿನ್ನ ಲಾಲ್‌ಬಾಗು, ಅರಮನೆ ಎಲ್ಲಾ ಕಡೆ ಸುತ್ತಿಸ್ದೆ."

ಆ ಎರಡು ವರ್ಷದ ತಿರುಗಾಟ ಧನಲಕ್ಷ್ಮಿಗೆ ಚೆನ್ನಾಗಿ ನೆನಪಿತ್ತು. ಗಾಜಿನ ಮನೆಯ ಗುಲಾಬಿಗಳ ಮುಂದೆ ತಾಯಿ ಅವಳನ್ನು ಅಷ್ಟೊಂದು ಹೊತ್ತು ಯಾಕೆ ನಿಲ್ಲಿಸಿದ್ದಳೆಂದು ಮಾತ್ರ ಇವತ್ತಿನವರೆಗೆ ತಿಳಿದಿರಲಿಲ್ಲ. ಸಿಟ್ಟು ಪೂರ್ತಿ ಹೋಗಲಿಲ್ಲ. ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು, ನಾನು ಏನು ಮಾಡಿಕೊಳ್ಳುತ್ತೇನೆಂದು ನೀನು ನೋಡಬೇಡ ಎಂದಳು. ತಾಯಿ ಹೂಂ ಎಂದಳು. ಇಬ್ಬರೂ ಕಾಫಿ ಕುಡಿದರು, ಆರಿತ್ತು. ಆಮೇಲೆ ಧನಲಕ್ಷ್ಮಿ ಇಯರ್‌ಫೋನ್ ಹಾಕಿಕೊಂಡು, ಸೋಲದೇವನಹಳ್ಳಿಯ ಅಜ್ಜಿಯೊಬ್ಬಳ ಅರ್ಧಕ್ಕೆ ನಿಂತಿದ್ದ ಮಾತನ್ನು ಟೈಪ್ ಮಾಡಲು ಕೂತಳು.