ಎರಡು ಬಾವಿಯ ಬಿಳಿ ಹುಳ

"ನಮ್ಮಕ್ಕ ಸತ್ತೋದ್ಲು ಅಂತ ನಾನು ಯಾವತ್ತೂ ಅನ್ನಕಿಲ್ಲ ಕಣವ್ವ. ಬಾವಿ ಸೇರ್ಕಂಡ್ಲು ಅಂತೀನಿ. ಬೆಳಿಗ್ಗೆ ಮೇಗ್ಲ ಬಾವಿಗೆ ನೀರಿಗೆ ಅಂತ ಓದವ್ಳು ಬರ್ನಿಲ್ಲ. ಓಗಿ ನೋಡುದ್ರೆ ಕಟ್ಟೆ ಮ್ಯಾಲೆ ಬಿಂದಿಗೆ ಅದೆ, ಬಿಂದಿಗೆ ಮ್ಯಾಲೆ ಸಿಂಬಿ ಅದೆ, ಅವ್ಳಿಲ್ಲ. ಅಂಕಯ್ಯಣ್ಣ ಮುಳುಗಿ ಮುಳುಗಿ ನೋಡ್ದ, ಸಿಗ್ನಿಲ್ಲ. ತೇಲ್ತಾಳೆ ತೇಲ್ತಾಳೆ ಅಂತ ಊರೋರೆಲ್ಲ ಕಾದ್ರು, ಅದೂ ಇಲ್ಲ. ತಳದಲ್ಲಿ ಗವಿ ಅದೆ, ಅದು ಎಳ್ಕಂಡದೆ ಅಂದ್ರು. ಆ ಗವಿ ಈ ನಮ್ಮ ಇತ್ಲು ಬಾವಿಗಂಟ ಬಂದದಂತೆ. ಇಲ್ದಿದ್ರೆ ಎರಡು ಬಾವೀಲೂ ಒಂದೇ ಹುಳ ಎಂಗೆ ಬತ್ತದೆ, ನೀನೇ ಯೋಳು? ಬೆಳ್ಳಗೆ, ಅಕ್ಕಿಕಾಳಂಗೆ, ಕಣ್ಣೇ ಇಲ್ಲ ಅವಕ್ಕೆ. ಮೀಸೇಲಿ ತಡ್ಕಾಡ್ಕಂಡು ಓಡಾಡ್ತವೆ. ನಮ್ಮಕ್ಕನೂ ಅಂಗೇ ಕತ್ಲಲ್ಲಿ ತಡ್ಕಾಡ್ತಾವ್ಳೆ ಅಂತ ನಂಗೆ. ಅದ್ಕೇ ಬಿಂದಿಗೆ ಇಳ್ಸೋಕೆ ಮುಂಚೆ ಒಂದು ಕೂಗು ಆಕ್ತೀನಿ. ತಲೆಗೆ ಬಡ್ದಾತು ಅಂತ."

ಹಿತ್ತಿಲ ಬಾವಿಯ ಕಟ್ಟೆ ಹಿಡಿದುಕೊಂಡು ಮರಿತಾಯಮ್ಮ ಇಷ್ಟನ್ನೂ ಹೇಳಿದ್ದು ಪ್ರಿಯಾಂಕ ಎಂಬ ಹುಡುಗಿಗೆ. ನೆಲದಡಿಯ ನೀರಿನಲ್ಲಿ ಬದುಕುವ ಜೀವಗಳ ಬಗ್ಗೆ ಓದುತ್ತಿದ್ದ ಅವಳು ಮದ್ದೂರು ಕಡೆಯ ಕೊಪ್ಪದಲ್ಲಿ ಬಸ್ಸಿಳಿದು, ಯಾರದೋ ಸ್ಕೂಟರಿನ ಹಿಂದೆ ಕೂತು ಈ ಹಳ್ಳಿಗೆ ಬಂದಿದ್ದಳು. ಸಣ್ಣ ಬಲೆ ಇಳಿಬಿಟ್ಟು ಎರಡೂ ಬಾವಿಯ ಹುಳಗಳನ್ನು ಬೇರೆ ಬೇರೆ ಸೀಸೆಗೆ ತುಂಬಿಕೊಂಡಳು. ಕೂಗಿನ ಮಾತು ಬಂದಾಗ ಅವಳು ನಗಲಿಲ್ಲ. ಮರಿತಾಯಮ್ಮನಿಗೆ ಅವಳು ಹಿಡಿಸಿದ್ದೇ ಅದಕ್ಕೆ.

ಅಕ್ಕ ಕೆಂಪಾಜಮ್ಮ ಹೋದಾಗ ಮರಿತಾಯಮ್ಮ ಲಂಗ ತೊಡುವ ಹುಡುಗಿ. ಮುಂದೆ ಗಂಡುಗಳು ಬಂದಾಗ, ಮದ್ದೂರಿನಲ್ಲಿ ಅಂಗಡಿ ಇಟ್ಟಿದ್ದವನನ್ನೂ ಒಲ್ಲೆ ಎಂದಳು. ಊರಲ್ಲೇ ಇದ್ದ ಸೋದರಮಾವನ ಮಗ ಮರಿಸಿದ್ದಯ್ಯನನ್ನು ಒಪ್ಪಿದಳು. ಆ ಮನೆಯ ಹಿತ್ತಿಲಲ್ಲಿ ಬಾವಿಯಿತ್ತು. ಗವಿಯೊಳಗೆ ಅಲೆದು ಅಲೆದು ಅಕ್ಕ ಒಂದಲ್ಲ ಒಂದು ದಿನ ಅಲ್ಲಿ ಮೇಲೆ ಬರಬಹುದೆಂದು ಅವಳ ಲೆಕ್ಕ. ಮರಿಸಿದ್ದಯ್ಯ ಬದುಕಿದ್ದಷ್ಟು ಕಾಲವೂ ನೆಂಟರ ಮುಂದೆ ಛೇಡಿಸುತ್ತಿದ್ದ: "ಇವ್ಳು ಕಟ್ಕಂಡಿದ್ದು ನನ್ನಲ್ಲ ಕಣ್ರಲಾ, ಬಾವೀನ."

ಮನೆಗೆ ನಲ್ಲಿ ಬಂದ ಮೇಲೂ ಕುಡಿಯುವ ನೀರು ಬಾವಿಯದೇ. "ಅಕ್ಕಾ, ಬಿಂದಿಗೆ ಬತ್ತದೆ, ಸರ್ಕೊ" ಎಂದು ಕೂಗಿ ಹಗ್ಗ ಬಿಡುವಳು. ಸೇದಿದ್ದನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಬಟ್ಟೆಯ ಮೇಲೆ ಉಳಿದ ಹುಳವನ್ನು ನೆಲಕ್ಕೆ ಒದರದೆ ಮತ್ತೆ ಬಾವಿಗೇ ಬಿಡುವಳು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಕ್ಕುವಾಗ ಅಕ್ಕನಿಗೂ ಒಂದು ಎಲೆ, ಒಂದು ಹೊಸ ಸೀರೆ, ಅವಳಿಗೆ ಪ್ರಾಣವಾಗಿದ್ದ ಕಜ್ಜಾಯ.

ಈ ಸಲ ಪಕ್ಷ ಇನ್ನೇನು ಬಂತು ಎನ್ನುವಾಗ ಪ್ರಿಯಾಂಕ ಮತ್ತೆ ಬಂದಳು. ಖುಷಿಯಲ್ಲಿದ್ದಳು.

"ಅಜ್ಜಿ, ನಿಮ್ಮ ಹುಳಗಳು ನಮಗೆಲ್ಲ ಟೋಪಿ ಹಾಕಿಬಿಟ್ಟವು. ಕಣ್ಣಿಗೆ ಒಂದೇ ಥರ, ದೊಡ್ಡದು ಮಾಡಿ ತೋರ್ಸೋ ಗಾಜಿನಡಿ ಇಟ್ಟರೂ ಒಂದೇ ಥರ. ಮೈಯೊಳಗಿನ ವಂಶದ ಗುರುತು ಪರೀಕ್ಷೆ ಮಾಡಿದ್ರೆ, ಎರಡು ಬಾವೀದೂ ಬೇರೆ ಬೇರೆ ಜಾತಿ. ಲಕ್ಷಾಂತರ ವರ್ಷದಿಂದ ಒಂದನ್ನೊಂದು ಸೇರೇ ಇಲ್ಲ."

"ಗವಿ ಒಂದೇ ಅಲ್ವವ್ವ?"

"ಒಂದೇ ಆಗಿದ್ರೆ ಬೆರೀತಿದ್ವು ಅಜ್ಜಿ. ಮಧ್ಯೆ ಬಂಡೆ ಇದೆ."

ಪ್ರಿಯಾಂಕ ಕಾಫಿ ಕುಡಿದು ಹೋದಳು. ಮರಿತಾಯಮ್ಮ ಲೋಟ ತೊಳೆಯುವುದನ್ನೂ ಮರೆತು ಕೂತಳು. ಅಕ್ಕಿಕಾಳಿನಷ್ಟು ಹುಳ ದಾಟಲಾರದ ಬಂಡೆಯನ್ನು ಅಕ್ಕ ಹೇಗೆ ದಾಟಿದಳು? ಈ ಬಾವಿಗೆ ಬಾಯಿಟ್ಟು ತಾನು ಇಷ್ಟು ಕಾಲ ಕೂಗಿದ್ದು ಯಾರನ್ನು? ಅಕ್ಕ ಮೇಗಳ ಬಾವಿಯಲ್ಲೇ ಉಳಿದಳೇ? ಅದನ್ನು ಬಲ್ಲವನು ಒಬ್ಬನೇ. ಎದ್ದು, ಅಂದು ಬಾವಿಯಲ್ಲಿ ಮುಳುಗಿ ಹುಡುಕಿದ್ದ ಅಂಕಯ್ಯನ ಮನೆಗೆ ನಡೆದಳು.

ಅಂಕಯ್ಯ ಜಗಲಿಯ ಮೇಲೆ ಕಾಲು ಚಾಚಿಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದ. "ಏನವ್ವಾ ತಾಯಮ್ಮ, ನನ್ ಹೆಣ ನೋಡನ ಅಂತ ಬಂದ್ಯಾ? ಇನ್ನೂ ಅಲ್ಲಾಡ್ತಾವ್ನಿ, ಆಮ್ಯಾಕೆ ಬಾ ಓಗು."

"ತಮಾಸೆ ಬುಡಣ್ಣ. ಆವತ್ತು ಬಾವಿ ತಳದಲ್ಲಿ ಗವಿ ನೋಡುದ್ಯಲ್ಲ. ಎಷ್ಟುದ್ದ ಇತ್ತು?"

ಕುಟ್ಟುವ ಕೈ ನಿಂತಿತು. "ಗವಿ ಅಂತ ನಾನೆಲ್ಲಿ ಅಂದೆ? ಕೈ ತೂರೋ ಅಷ್ಟು ಬಿರುಕು ಅದೆ ಅಂದೆ. ಮೊಣಕೈಗಂಟ ಓಯ್ತು, ಆಮ್ಯಾಕೆ ಬಂಡೆ. ಮ್ಯಾಲೆ ನಿಂತಿದ್ದೋರು ಗವಿ ಗವಿ ಅಂದ್ರು. ನಿಮ್ಮವ್ವ ಆಗ್ಲೇ ಎದೆ ಬಡ್ಕತಿದ್ಲು. ಅಳೋರ ಮುಂದೆ ನಿಂತ್ಕಂಡು ಅಳತೆ ಯೋಳಕಾಯ್ತದಾ?"

"ಅಂಗಾರೆ ಅಕ್ಕ ನೀರಲ್ಲಿ ಇರ್ಲೇ ಇಲ್ವಾ?"

"ಕಲ್ಲುಕಲ್ಲೂ ತಡ್ವಿದ್ದೀನಿ ಕಣವ್ವ. ಕಪ್ಪೆ ಇತ್ತು. ನಿಮ್ಮಕ್ಕ ಇರ್ನಿಲ್ಲ."

ಬಿಂದಿಗೆಯ ಮೇಲೆ ಸುತ್ತಿಟ್ಟ ಬಟ್ಟೆಯ ಸಿಂಬಿ ಮರಿತಾಯಮ್ಮನ ಕಣ್ಣಿಗೆ ಕಟ್ಟಿತು. ಸಾಯಲು ಹೊರಟವಳು ಸಿಂಬಿಯನ್ನು ಅಷ್ಟು ಅಚ್ಚುಕಟ್ಟಾಗಿ ಇಡುತ್ತಾಳೆಯೇ? ಎಲ್ಲಿಗೋ ಹೊರಟವಳು ಇಡುತ್ತಾಳೆ. ಬದುಕಿದ್ದವಳಿಗೆ ವರ್ಷ ವರ್ಷವೂ ಸತ್ತವರ ಸಾಲಿನಲ್ಲಿ ಎಲೆ ಹಾಕಿ, ಬಾ ಉಣ್ಣು ಎಂದು ಕರೆದಿದ್ದೇವಲ್ಲ.

ಪಕ್ಷದ ಸಂತೆಗೆಂದು ಮದ್ದೂರಿಗೆ ಹೋದವಳು ಸೀರೆ ಅಂಗಡಿಗೆ ಹೋಗಲೇ ಇಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಇಳಿಯುವ ಹತ್ತುವ ಮುದುಕಿಯರ ಮುಖವನ್ನೆಲ್ಲ ನೋಡಿದಳು. ಎಲ್ಲರೂ ಒಂದೇ ಥರ ಕಂಡರು. ನರೆತ ತಲೆ, ಬಗ್ಗಿದ ಬೆನ್ನು, ಕಂಕುಳಲ್ಲಿ ಚೀಲ. ಇವರಲ್ಲಿ ಅಕ್ಕ ಇದ್ದರೂ ತನಗೆ ಗುರುತು ಸಿಗದು. ಬರಿಗೈಯಲ್ಲಿ ವಾಪಸಾದಳು.

ಹಬ್ಬದ ಬೆಳಿಗ್ಗೆ ಸೊಸೆ ನಾಗಶ್ರೀ ಬಾಳೆ ಎಲೆ ಒರೆಸುತ್ತ ಕೇಳಿದಳು: "ಅತ್ತೆ, ದೊಡ್ಡತ್ತೆ ಎಲೆ ಎಲ್ಲಿಗೆ ಹಾಕ್ಲಿ?"

"ಆಕ್ಬ್ಯಾಡ. ಅವ್ಳು ಬಾವಿಗೆ ಬಿದ್ದಿಲ್ಲ, ಎಲ್ಲಿಗೋ ಓಗವ್ಳೆ."

"ಅಯ್ಯೋ, ಬುಟ್ರೆ ಏನಾರ ಆದಾತು ಅತ್ತೆ. ಆವತ್ತು ಬದುಕಿದ್ರೂ ಇಷ್ಟು ವರ್ಷ ಇರ್ತಾರಾ?"

"ಸತ್ಲು ಅಂತ ಯಾರಾರ ಬಂದು ಯೋಳ್ಲಿ, ಆಗ ಇಕ್ಕುವಾ. ಕಜ್ಜಾಯ ಮಾತ್ರ ಮಾಡು. ಡಬ್ಬದಲ್ಲಿ ಇರ್ಲಿ."

ಅಡುಗೆಗೆ ನೀರು ಬೇಕಿತ್ತು. ಮರಿತಾಯಮ್ಮ ಬಾವಿಯ ಬಳಿ ನಿಂತಳು. ಬಾಯಿ ತಾನಾಗಿ ತೆರೆಯಿತು, ಮತ್ತೆ ಮುಚ್ಚಿಕೊಂಡಳು. ಅಕ್ಕ ಅಲ್ಲಿದ್ದಾಳೆ ಎಂದುಕೊಂಡ ದಿನಗಳಲ್ಲಿ ಹೆದರಿಸದಿದ್ದ ಬಾವಿ, ಒಳಗೆ ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಹೆದರಿಸಿತು. ಕೂಗದೆಯೇ ಹಗ್ಗ ಬಿಟ್ಟಳು. ಬಿಂದಿಗೆ ನೀರಿಗೆ ಬಿದ್ದ ಸದ್ದು ಕೇಳಿತು.

ಸೇದಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ, ನೀರು ಸುರಿದಳು. ಬಟ್ಟೆಯ ಮೇಲೆ ಎರಡು ಬಿಳಿ ಹುಳ ಮೀಸೆ ಆಡಿಸುತ್ತಿದ್ದವು. ಅವನ್ನು ಬಾವಿಗೆ ಬಿಟ್ಟು, ಬಟ್ಟೆ ಹಿಂಡಿ ತಂತಿಯ ಮೇಲೆ ಹರವಿ, ಕೊಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ನಡೆದಳು.