ದೇಚಮ್ಮನ ಕೈಗೆ ಒಗ್ಗಿದ ರಿವಾಲ್ವರ್

೨೦೦೩ನೇ ಇಸವಿ. ಜರ್ಮನಿಯ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿ ಒಂದು ಬಂದೂಕಿನ ಅಂಗಡಿ. ಅದರ ನೆಲಮಾಳಿಗೆಯಲ್ಲಿ ನನ್ನದು ಹಿಡಿ ಕೂರಿಸುವ ಕೆಲಸ. ಅಕ್ರೋಟು ಮರವನ್ನು ಕೆತ್ತಿ, ಕೊಳ್ಳುವವರ ಅಂಗೈಗೆ ಸರಿಹೋಗುವ ತನಕ ಉಜ್ಜಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಮರದ ಕೆಲಸ ಮಾತ್ರ ಮೈಸೂರಿನಲ್ಲಿ ಅಪ್ಪ ಬೀಟೆ ಮರದಲ್ಲಿ ಕುಸುರಿ ಮಾಡುವಾಗ ಪಕ್ಕದಲ್ಲಿ ಕೂತು ಕಲಿತದ್ದು. ಗಂಡನಿಗೆ ಇಲ್ಲಿಯ ಫ್ಯಾಕ್ಟರಿಯಲ್ಲಿ ನೌಕರಿ ಸಿಕ್ಕಿತು, ಬಂದೆ. ಮನೆಯಲ್ಲಿ ಕೂತು ಸಾಕಾಯಿತು, ಈ ಕೆಲಸ ಹಿಡಿದೆ. ಅಂಗಡಿಯ ಯಜಮಾನರನ್ನು ಎಲ್ಲರೂ ಮೈಸ್ಟರ್, ಅಂದರೆ ಉಸ್ತಾದ್, ಎನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಆ ವಸಂತದಲ್ಲಿ ದೇಚಮ್ಮ ಬಂದಳು. ಮಡಿಕೇರಿ ಕಡೆಯ ಹುಡುಗಿ, ಕಂಪ್ಯೂಟರ್ ಕಲಿತವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದು ಬೊಬ್ಲಿಂಗೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವಳು. ಇಲ್ಲಿಯ ಬೇಟೆ ಪರೀಕ್ಷೆ ಪಾಸು ಮಾಡಿದ್ದಳು. ಅದರಲ್ಲಿ ಜರ್ಮನರೇ ಫೇಲಾಗುತ್ತಾರೆ. ನನ್ನ ನರೆಗೂದಲು ನೋಡಿ ಮೊದಲ ದಿನವೇ ಅಜ್ಜಿ ಎಂದಳು.

"ಅಜ್ಜಿ, ಮೈಸ್ಟರ್‌ಗೆ ಹೇಳಿ. ನಂಗೆ ಫೋರ್ಟಿಫೋರ್ ಮ್ಯಾಗ್ನಮ್ಮೇ ಬೇಕು."

"ಅವರ ಹತ್ರ ನೀನೇ ಜರ್ಮನ್‌ನಲ್ಲಿ ಹೇಳ್ಕೋ. ಆ ಕೈ ನೋಡ್ಕೊಂಡಿದೀಯಾ? ಸೌಟು ಹಿಡಿಯೋಕೇ ಸಾಲ್ದು."

"ಸೌಟು ಹಿಡಿಯೋದು ಅಮ್ಮಂಗೂ ಬರಲ್ಲ ಅಜ್ಜಿ. ಕೋವಿ ಬರತ್ತೆ."

ಇಲ್ಲಿ ರಿವಾಲ್ವರಿನಿಂದ ಬೇಟೆ ಆಡುವ ಹಾಗಿಲ್ಲ. ಬೇಟೆಗೆ ಉದ್ದ ಕೋವಿಯೇ ಆಗಬೇಕು. ಗಾಯಗೊಂಡು ಪೊದೆ ಸೇರಿದ ಪ್ರಾಣಿಯನ್ನು ಹತ್ತಿರದಿಂದ ಮುಗಿಸುವುದಕ್ಕೆ ಮಾತ್ರ ರಿವಾಲ್ವರ್. ದೇಚಮ್ಮ ಸೇರಿದ್ದು ಅಂಥ ಗಾಯದ ಪ್ರಾಣಿಯನ್ನು ಹುಡುಕುವ ತಂಡವನ್ನೇ. ಒಬ್ಬ ಮುದುಕ ಬೇಟೆಗಾರ, ಜಾಡು ಹಿಡಿಯುವ ಅವನ ನಾಯಿ, ಹಿಂದೆ ಇವಳು. ಮುಳ್ಳು ಪೊದೆಯಿಂದ ಗಾಯದ ಹಂದಿ ನುಗ್ಗಿದರೆ ಎರಡನೇ ಗುಂಡಿಗೆ ಸಮಯವಿರುವುದಿಲ್ಲ. ತಪ್ಪಿದರೆ ನಾಯಿ ಹೋಗುತ್ತದೆ, ಇಲ್ಲವೇ ಇವಳ ಕಾಲು. ಅದೇ ರಿವಾಲ್ವರಿನಲ್ಲಿ ಕ್ಲಬ್ಬಿನಲ್ಲಿ ಗುರಿ ಅಭ್ಯಾಸವೂ ಆಗಬೇಕು.

ರಿವಾಲ್ವರಿನ ಹೆಸರಲ್ಲಿರುವ ಅಂಕಿ ಅದರ ಕ್ಯಾಲಿಬರ್, ಎಂದರೆ ನಳಿಗೆಯ ಒಳ ಅಗಲ. ತ್ರೀ ಫಿಫ್ಟಿಸೆವೆನ್ ಸುಮಾರು ಒಂಬತ್ತು ಮಿಲಿಮೀಟರ್, ಫೋರ್ಟಿಫೋರ್ ಹನ್ನೊಂದರ ಹತ್ತಿರ. ಮೈಸ್ಟರ್ ಎರಡು ಬಗೆಯ ರಿವಾಲ್ವರನ್ನೂ ಮೇಜಿನ ಮೇಲಿಟ್ಟರು, ಯಾವುದು ಬೇಕೆಂದು ಕೇಳಲಿಲ್ಲ. ನೆಲಮಾಳಿಗೆಯ ಗುರಿ ಕೋಣೆಗೆ ಕರೆದೊಯ್ದು ಫೋರ್ಟಿಫೋರನ್ನೇ ಕೊಟ್ಟರು. ಹಿಡಿಯ ಅಳತೆ ನೋಡಲು ನಾನೂ ಹಿಂದೆ ಹೋದೆ. ಆರು ತೂತಿನ ಚಕ್ರಕ್ಕೆ ತೋಟಾ ತುಂಬಿದ್ದು ಅವರೇ. ನಡುವೆ ಎಲ್ಲೋ ಮದ್ದಿಲ್ಲದ ಎರಡು ಸುಳ್ಳು ತೋಟಾ ಸೇರಿಸಿದ್ದು ಅವಳಿಗೆ ಗೊತ್ತಿಲ್ಲ.

ಮೊದಲ ಗುಂಡಿಗೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಎರಡನೆಯದು ಸುಳ್ಳು ತೋಟಾ. ಬರೀ ಟಿಕ್ ಎಂದಿತು. ಗುಂಡೇ ಹಾರಿಲ್ಲ, ಆದರೂ ನಳಿಗೆ ತಟ್ಟನೆ ನೆಲ ನೋಡಿತು. ಹೊಡೆತಕ್ಕೆ ಹೆದರಿ ಕೈ ಮೊದಲೇ ಕುಗ್ಗಿತ್ತು. ದೇಚಮ್ಮನ ಮುಖ ಕೆಂಪಾಯಿತು. ಮೈಸ್ಟರ್ ಬೈಯಲಿಲ್ಲ, ನಗಲಿಲ್ಲ. "ನಿಮ್ಮ ಕೈ ನಿಜ ಹೇಳುತ್ತದೆ, ಒಳ್ಳೆಯ ಕೈ" ಎಂದರಷ್ಟೇ. ಇಷ್ಟು ವರ್ಷ ಅಲ್ಲಿದ್ದೂ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಒಬ್ಬರ ಮನಸ್ಸಿನೊಳಗಿನ ಹೆದರಿಕೆಯನ್ನು ಹೀಗೆ ಹೊರಗೆ ತೆಗೆದು ತೋರಿಸಬಹುದೆಂದು ಆ ದಿನ ಕಂಡೆ.

ಫೋರ್ಟಿಫೋರ್ ಬೇಡವೆಂದು ಅವರು ಹೇಳಲಿಲ್ಲ. ಅದಕ್ಕೇ ಹೊಂದುವ, ಮದ್ದು ಕಡಿಮೆ ಇರುವ ಸ್ಪೆಷಲ್ ಎಂಬ ತೋಟಾ ಕೊಟ್ಟರು. ಅಭ್ಯಾಸಕ್ಕೆ ಅದು, ಕಾಡಿಗೆ ಮ್ಯಾಗ್ನಮ್. ಉದ್ದ ನಳಿಗೆ ಗುರಿಗೆ ಒಳ್ಳೆಯದು, ಪೊದೆಯಲ್ಲಿ ತೊಡಕು. ನಾಲ್ಕು ಇಂಚಿನದ್ದನ್ನು ಆರಿಸಿದರು. ನಾನು ಹಿಡಿಯನ್ನು ತೆಳ್ಳಗೆ ಉಜ್ಜಿದೆ. ಬೇಸಿಗೆಯಿಡೀ ಶನಿವಾರ ಶನಿವಾರ ಬಂದಳು. ಆಗಸ್ಟಿನ ಹೊತ್ತಿಗೆ ಸುಳ್ಳು ತೋಟಾ ಬಂದರೂ ನಳಿಗೆ ಅಲುಗುತ್ತಿರಲಿಲ್ಲ. ರಿವಾಲ್ವರ್ ಅವಳ ಮನೆಗೆ ಹೋಯಿತು.

ಮೈಸ್ಟರರದ್ದು ಒಂದು ಕಟ್ಟುನಿಟ್ಟಿನ ನಿಯಮ. ಚಳಿಗಾಲದ ಬೇಟೆಗೆ ಮುಂಚೆ ಆಯುಧ ಅಂಗಡಿಗೆ ವಾಪಸು ಬರಬೇಕು, ಚಳಿ ತಡೆಯುತ್ತದೋ ನೋಡಲು ಒಂದು ರಾತ್ರಿ ಅಂಗಡಿಯ ಫ್ರೀಜರಿನಲ್ಲಿ ಮಲಗಬೇಕು. ನವೆಂಬರಿನಲ್ಲಿ ದೇಚಮ್ಮನದ್ದೂ ನಾನು ಅಲ್ಲಿಟ್ಟುಕೊಳ್ಳುತ್ತಿದ್ದ ತೆಂಗಿನ ತುರಿಯ ಡಬ್ಬದ ಪಕ್ಕ ಮಲಗಿತು. ಬೆಳಿಗ್ಗೆ ದೇಚಮ್ಮನ ಎದುರಿಗೆ ಖಾಲಿ ರಿವಾಲ್ವರಿನಲ್ಲಿ ತೋಟಾಕ್ಕೆ ಬಡಿಯುವ ಕುದುರೆಯನ್ನು ಎಳೆದರೆ ಚಕ್ರ ತಿರುಗಲೊಲ್ಲದು. ಒತ್ತಾಯ ಮಾಡಿದಾಗ ಕುದುರೆ ಬಿತ್ತು, ನಿದ್ದೆಗಣ್ಣಿನಲ್ಲಿ ಬಿದ್ದ ಹಾಗೆ. ಅಷ್ಟು ಮೆತ್ತಗೆ ಬಿದ್ದರೆ ಗುಂಡು ಹಾರುವುದಿಲ್ಲ. ಮೈಸ್ಟರ್ ಬಿಚ್ಚಿದರು. ಒಳಗೆಲ್ಲ ಬೆಳ್ಳಗೆ ಮೇಣದಂತೆ ಏನೋ. ಅವರು ಬೆರಳಲ್ಲಿ ತೀಡಿ ಮೂಸಿ, ಅರ್ಥವಾಗದೆ ನನ್ನ ಮುಂದೆ ಹಿಡಿದರು.

"ಅಯ್ಯೋ, ಕೊಬ್ಬರಿ ಎಣ್ಣೆ ಕಣೇ ಇದು!"

"ಕೈಲ್‌ಪೊಳ್ದ್ ದಿನ ಪೂಜೆ ಮಾಡಿ ಹಚ್ಚಿದೆ ಅಜ್ಜಿ. ನಮ್ಮ ತಾತ ಕೋವಿಗೆ ಅದನ್ನೇ ಹಚ್ತಿದ್ದಿದ್ದು."

"ನಿಮ್ಮ ತಾತ ಇದ್ದಿದ್ದು ಮಡಿಕೇರೀಲಿ. ಇಲ್ಲಿ ಬಚ್ಚಲಲ್ಲಿಟ್ಟ ಬಾಟ್ಲೀಲೇ ಎಣ್ಣೆ ಕಲ್ಲಾಗತ್ತೆ, ದಿನಾ ನೋಡ್ತೀಯ ತಾನೆ?"

ಕೊಡವರ ಆಯುಧ ಪೂಜೆಯ ಹಬ್ಬವೇ ಕೈಲ್‌ಪೊಳ್ದ್. ದೇಚಮ್ಮ ಜರ್ಮನ್‌ನಲ್ಲಿ ವಿವರಿಸಿದಳು. ಮೈಸ್ಟರ್ ಪೂರ್ತಿ ಕೇಳಿದರು. "ಪೂಜೆ ಸರಿ, ಎಣ್ಣೆ ನನ್ನದು" ಎಂದು ಪ್ರತಿ ತುಂಡನ್ನೂ ತೊಳೆದು, ತಿಳಿ ಎಣ್ಣೆಯ ಹನಿ ಬಿಟ್ಟು, ಮತ್ತೆ ಫ್ರೀಜರಿಗೆ ಹಾಕಿದರು. ಮರುದಿನ ಕುದುರೆ ಚಟ್ಟನೆ ಬಿತ್ತು.

ಜನವರಿಯಲ್ಲಿ ಆ ಮುದುಕ ಬೇಟೆಗಾರನೇ ಅಂಗಡಿಗೆ ಬಂದು ಹೇಳಿದ. ಹಿಮದಲ್ಲಿ ರಕ್ತದ ಜಾಡು, ಪೊದೆಯಿಂದ ನುಗ್ಗಿದ ಹಂದಿ, ಅಡ್ಡ ಬಂದ ನಾಯಿ. ಹುಡುಗಿ ಹೊಡೆಯಲಿಲ್ಲ. ಹಂದಿ ಹತ್ತಿರ ಹತ್ತಿರ ಬಂದರೂ ಹೊಡೆಯಲಿಲ್ಲ. ನಾಯಿ ಪಕ್ಕಕ್ಕೆ ಸರಿದ ಮೇಲೆ ಒಂದೇ ಗುಂಡು. ಹಂದಿ ಬಿದ್ದದ್ದು ಅವಳ ಬೂಟಿನ ಮುಂದೆ. ಹೇಳುತ್ತಾ ಅವನು ಟೋಪಿ ತೆಗೆದಿದ್ದ.

ಅದೇ ವಾರ ದೇಚಮ್ಮ ತನ್ನ ಪಾಲಿನ ಮಾಂಸ ತಂದಳು.

"ಹೆದರಿಕೆ ಆಗಲಿಲ್ವೇನೇ?"

"ಆಯ್ತಜ್ಜಿ. ಕೈಗೆ ಮಾತ್ರ ಆಗ್ಲಿಲ್ಲ."

ಆಯುಧ ಎಷ್ಟು ದೊಡ್ಡದೆಂದು ಕೇಳುವವರೇ ಎಲ್ಲರೂ. ಅದು ಕೆಲಸ ಮಾಡಬೇಕಾದ ಚಳಿಯಲ್ಲಿ, ಅದನ್ನು ಹಿಡಿಯಬೇಕಾದ ಕೈಯಲ್ಲಿ ಮೊದಲೇ ಇಟ್ಟು ನೋಡಬೇಕೆಂದು ಆ ನೆಲಮಾಳಿಗೆ ನನಗೆ ಕಲಿಸಿತು. ಮೈಸ್ಟರ್ ಮಾಂಸದ ಪೊಟ್ಟಣ ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಮೊದಲು ಅವಳ ಬಲಗೈಯನ್ನು ಹಿಡಿದು, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ನಾನು ಫ್ರೀಜರಿನಲ್ಲಿ ತೆಂಗಿನ ತುರಿ ಸರಿಸಿ ಮಾಂಸಕ್ಕೆ ಜಾಗ ಮಾಡಿದೆ.