ಜಯಪಾಲ ಶೆಟ್ಟರು ಬ್ರೇಕ್ ಬಿಚ್ಚಿದ್ದು

ಭೂಮಸೂದೆಯಲ್ಲಿ ಗದ್ದೆಗಳು ಒಕ್ಕಲಿನವರ ಪಾಲಾಗಿ ಕೈಬಿಟ್ಟ ಮೇಲೆ ಜಯಪಾಲ ಶೆಟ್ಟರು ದೇರೆಬೈಲಿನಲ್ಲಿ ಡ್ರೈವಿಂಗ್ ಸ್ಕೂಲ್ ತೆರೆದರು. ಸ್ಕೂಲ್ ಎಂದರೆ ಒಂದು ಬೋರ್ಡು, ಒಂದು ಹಳೆಯ ಫಿಯೆಟ್ ಮತ್ತು ಸ್ವತಃ ಶೆಟ್ಟರು. ಕಾರು ಮಾರಿದವನು ದುಬಾಯಿಗೆ ಹೊರಟಿದ್ದ ಉಳ್ಳಾಲದ ಉಮರಬ್ಬ. “ಕಡಲ ಬದಿಯಲ್ಲಿ ನಿಂತ ಗಾಡಿ ಶೆಟ್ರೇ, ಚಕ್ರ ಒಮ್ಮೆ ಬಿಚ್ಚಿ ನೋಡಿ” ಎಂದು ಅವನೇ ಹೇಳಿದ್ದ. ಶೆಟ್ಟರು ಬಣ್ಣ ನೋಡಿದರು, ಹಾರ್ನ್ ಬಾರಿಸಿದರು, ಕೊಂಡರು.

ಆರು ತಿಂಗಳಲ್ಲಿ ಬಲಗಡೆಯ ಮುಂದಿನ ಚಕ್ರದ ಬ್ರೇಕ್ ಕೆಲಸ ಬಿಟ್ಟಿತು. ಗ್ಯಾರೇಜಿಗೆ ಹೋಗಲು ಮರ್ಯಾದೆ ಅಡ್ಡ ಬಂತು. ಊರಿಗೆಲ್ಲ ಬ್ರೇಕ್ ಒತ್ತಲು ಕಲಿಸುವ ಮಾಸ್ಟ್ರಿಗೆ ಅದನ್ನು ಬಿಚ್ಚಲು ಬರುವುದಿಲ್ಲವೆಂದರೆ ಜನ ನಗುವುದಿಲ್ಲವೇ? ಭಾನುವಾರ ಅಂಗಳದಲ್ಲಿ ಜಾಕ್ ಕೊಟ್ಟು ಚಕ್ರ ಕಳಚಿದರು. ಉಪ್ಪುಗಾಳಿ ತಿಂದ ಬ್ರೇಕ್ ಸಿಲಿಂಡರಿನೊಳಗೆ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಸೈಕಲ್ ಪಂಪಿನಿಂದ ಗಾಳಿ ಹೊಡೆದಾಗ ಅದು ಚಿಮ್ಮಿ ಹೋಗಿ ಹೆಂಡತಿ ಕುಶಲಾ ತೊಳೆಯುತ್ತಿದ್ದ ಬಂಗುಡೆ ಮೀನಿನ ಪಾತ್ರೆಗೆ ಬಿತ್ತು.

“ಎಂತ ಮಾರಾಯ್ರೆ ಇದು? ಸಾರಿಗೆ ಇದನ್ನೂ ಹಾಕಬೇಕಾ?” ಎಂದಳು ಅವಳು.

ಶೆಟ್ಟರು ಪಾಲಿಶ್ ಕಾಗದದಿಂದ ತುಕ್ಕು ಉಜ್ಜಿ ತೆಗೆದರು. ಪಿಸ್ಟನ್ನಿಗೆ ಕೂರಿಸುವ ಹೊಸ ರಬ್ಬರ್ ತಂದರು. ಅದು ನಯವಾಗಿ ಕೂರಲಿ ಎಂದು ಧಾರಾಳವಾಗಿ ಇಂಜಿನ್ ಆಯಿಲ್ ಸವರಿದರು. ಕುಶಲಾ ಪೆಡಲ್ ಒತ್ತಿದಳು, ಅವರು ಕೆಳಗೆ ಕೂತು ಬ್ರೇಕ್ ಪೈಪಿನಲ್ಲಿ ಸೇರಿದ್ದ ಗಾಳಿಯನ್ನು ಹೊರಬಿಟ್ಟರು. ಬ್ರೇಕ್ ಗಟ್ಟಿಯಾಗಿ ಹಿಡಿಯಿತು. ಆ ಸಂಜೆ ಶೆಟ್ಟರಿಗೆ ತಾನೊಬ್ಬ ಇಂಜಿನಿಯರ್ ಆಗಬೇಕಿತ್ತೆಂದು ಅನ್ನಿಸಿತು.

ಮೂರು ದಿನ ಕಳೆದು ಬ್ಯಾಂಕಿನ ಆಶಾಲತಾಗೆ ಪಡೀಲ್ ರಸ್ತೆಯಲ್ಲಿ ಪಾಠ. ಅರ್ಧ ದಾರಿಯಲ್ಲಿ ಕಾರು ಭಾರವಾಯಿತು, ಸುಟ್ಟ ವಾಸನೆ ಬಂತು, ಕೊನೆಗೆ ತಾನಾಗಿ ನಿಂತಿತು.

“ಬ್ರೇಕ್ ಮೇಲಿಂದ ಕಾಲು ತೆಗೆಯಿರಿ” ಎಂದರು ಶೆಟ್ಟರು.

“ನಾನು ಒತ್ತಲೇ ಇಲ್ಲ ಮಾಸ್ಟ್ರೇ.”

“ಹೊಸಬರಿಗೆ ಗೊತ್ತಾಗುವುದಿಲ್ಲ. ಒತ್ತಿದ್ದೀರಿ.”

ಆಶಾಲತಾ ಗೇರ್ ನ್ಯೂಟ್ರಲ್ ಮಾಡಿ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಇಳಿಜಾರಾಗಿದ್ದರೂ ಕಾರು ಕದಲಲಿಲ್ಲ. ಬಲಗಡೆಯ ಚಕ್ರದಿಂದ ಹೊಗೆ ಏಳುತ್ತಿತ್ತು.

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ವಿಚಾರಿಸಿದಾಗ ವಿಷಯ ತಿಳಿಯಿತು: ಇಂಜಿನ್ ಆಯಿಲ್ ತಾಗಿದರೆ ಆ ರಬ್ಬರ್ ಉಬ್ಬುತ್ತದೆ, ಉಬ್ಬಿದರೆ ಬ್ರೇಕ್ ಬಿಡುವುದಿಲ್ಲ. ಸವರಬೇಕಾದದ್ದು ಬ್ರೇಕ್ ಆಯಿಲ್ ಮಾತ್ರ. ಶೆಟ್ಟರು ಆಯಿಲ್ ಮುಟ್ಟಿದ ರಬ್ಬರನ್ನೆಲ್ಲ ಬಿಸಾಡಿ, ಪೈಪು ತೊಳೆದು, ಮೊದಲಿನಿಂದ ಮಾಡಿದರು. ಈ ಸಲ ಕುಶಲಾ ಮೊದಲೇ ಮೀನಿನ ಪಾತ್ರೆಯೊಂದಿಗೆ ಹಿತ್ತಲಿಗೆ ಹೋದಳು.

ಮರುವಾರ ಆಶಾಲತಾ ಬಂದಾಗ ಶೆಟ್ಟರು ಹೇಳಿದರು: “ಅಂದು ನೀವು ಒತ್ತಲಿಲ್ಲ. ನಾನೇ ಮನೆಯಲ್ಲಿ ಒತ್ತಿ ಕಳುಹಿಸಿದ್ದು.”

ಅವಳು ನಕ್ಕು ಗೇರ್ ಹಾಕಿದಳು. ಇಳಿಜಾರಿನಲ್ಲಿ ಬ್ರೇಕ್ ಬೆಣ್ಣೆಯ ಹಾಗೆ ಹಿಡಿಯಿತು, ಬಿಟ್ಟಿತು. ಆದರೂ ಪಡೀಲ್ ತಲುಪುವವರೆಗೆ ಶೆಟ್ಟರ ಬಲಗಾಲು ತನ್ನ ಮುಂದಿನ, ಪೆಡಲ್ ಇಲ್ಲದ ಖಾಲಿ ನೆಲವನ್ನು ಒತ್ತುತ್ತಲೇ ಇತ್ತು. ಇಳಿಯುವಾಗ ಅವರಿಗೆ ಮೀನಖಂಡ ಹಿಡಿದಿತ್ತು.